ಬಿಟ್ಟುಹೋದ ದೇಶದ ಬಗ್ಗೆ ನಮ್ಮೂರಿನ ಠರಾವು

ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯುವುದು ನನ್ನಿಂದಾಗದು. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವನ ಚಟ ಅದು. ಇವತ್ತು ಬೆಳಿಗ್ಗೆ ಸವಣೂರಿನ ಬಸ್ ನಿಲ್ದಾಣದಲ್ಲಿ ಹಾಗೆ ಬಿಡಿಸಿದ ಕಾಗದದ ಮೇಲೆ, ಎಣ್ಣೆಯ ಕಲೆಯ ನಡುವೆ, ಒಂದು ದೊಡ್ಡ ದೇಶ ಹವಾಮಾನ ಒಪ್ಪಂದದಿಂದ ಮತ್ತೆ ಹೊರಬಂತು ಎಂಬ ಸುದ್ದಿಯಿತ್ತು. ಯಾಕೆ ಬಂತು ಎನ್ನುವ ಭಾಗವನ್ನು ಅಂಗಡಿಯವನು ಇನ್ನೊಬ್ಬರಿಗೆ ಕಟ್ಟಿಕೊಟ್ಟಿದ್ದ.

ನಿಮಗೆ ಈ ಸುದ್ದಿ ದೂರದ್ದು ಅನ್ನಿಸಬಹುದು. ನನಗೆ ಹಾಗಲ್ಲ. ಇದೇ ದೇಶ ಮೊದಲ ಸಲ ಇದೇ ಒಪ್ಪಂದ ಬಿಡುತ್ತೇನೆ ಎಂದಾಗ ನಮ್ಮೂರು ಸಭೆ ಸೇರಿ ಠರಾವು ಮಾಡಿತ್ತು. ನಾನಾಗ ಕಲಿಸುತ್ತ ವಾಸವಿದ್ದ ಆ ಊರು ಶಿಗ್ಗಾವಿ ತಾಲ್ಲೂಕಿನಲ್ಲಿದೆ, ಹಿರೇಬೆಂಡಿಗೇರಿಯಿಂದ ದೂರವಿಲ್ಲ. ಹೆಸರು ಹೇಳುವುದಿಲ್ಲ, ಜಗಳವಾಡಿದವರ ಮೊಮ್ಮಕ್ಕಳು ಈಗ ಓದು ಬಲ್ಲವರಾಗಿದ್ದಾರೆ.

ಆಗ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು: ಗ್ರಾಮಸಭೆಯಲ್ಲಿ ಶಿಕ್ಷಕರೊಬ್ಬರು ಪರಿಸರದ ಬಗ್ಗೆ ಮಾತಾಡಬೇಕು. ಶಿಕ್ಷಕರೊಬ್ಬರು ಎಂದರೆ ನಾನೇ. ಉಳಿದವರಿಗೆ ಆ ದಿನ ಹೊಟ್ಟೆನೋವು ಬಂದಿತ್ತು. ನಾನು ಅಟ್ಲಾಸ್ ಹಿಡಿದುಕೊಂಡು ಹೋಗಿ, ಭೂಮಿ ಬಿಸಿಯಾಗುತ್ತಿದೆ, ದೇಶಗಳೆಲ್ಲ ಸೇರಿ ಹೊಗೆ ಕಡಿಮೆ ಮಾಡುವ ಮಾತು ಕೊಟ್ಟಿವೆ, ಈಗ ದೊಡ್ಡದೊಂದು ದೇಶ ಮಾತು ಬಿಡುತ್ತಿದೆ ಎಂದು ಅರ್ಧ ತಾಸು ಹೇಳಿದೆ. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಉಮೇದಿನಲ್ಲಿ, "ಹಾಗಾದರೆ ನಮ್ಮ ದೇಶ ಇರಬೇಕೋ, ಬಿಡಬೇಕೋ, ಹೇಳಿ" ಎಂದುಬಿಟ್ಟೆ. ತರಗತಿಯಲ್ಲಿ ಹೀಗೆ ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಧೈರ್ಯದ ಮೇಲೆ ಕೇಳಿದ್ದೆ.

ಬಲಗಡೆಯ ಕಂಬಕ್ಕೆ ಒರಗಿದ್ದ ಫಕ್ಕೀರಪ್ಪ ಎದ್ದು ನಿಂತ.

"ಮಾಸ್ತರ್ರ, ದೊಡ್ಡಾವ ಬಿಟ್ಟ ಮ್ಯಾಲ ನಾವ್ಯಾಕ ಇರಬೇಕ್ರಿ? ಹೊಗಿ ಎಬ್ಬಿಸಿದಾವ್ರು ಅವ್ರು. ನಮ್ಮೂರಾಗ ಹೊಗಿ ಬರೂದು ಒಲಿಯಾಗಿಂದ ಅಷ್ಟ. ಬಿಡೋಣು ಅಂತ ಬರೀರಿ."

ತಲೆಗಳು ಅಲ್ಲಾಡಿದವು. ಆಗ ಎಡಗಡೆಯ ಕಂಬದ ಹತ್ತಿರ ಅವನ ತಮ್ಮ ನಾಗಪ್ಪ ಎದ್ದ. ಜನ ಒಮ್ಮೆ ಈ ಕಂಬ, ಒಮ್ಮೆ ಆ ಕಂಬ ನೋಡತೊಡಗಿದರು.

ಯಾಕೆಂದು ಹೇಳಬೇಕು. ಈ ಅಣ್ಣತಮ್ಮಂದಿರು ಹದಿನೆಂಟು ವರ್ಷದಿಂದ ಮಾತಾಡಿರಲಿಲ್ಲ. ಅಪ್ಪ ಹೊಲ ಹಂಚಿಕೊಟ್ಟು, ಬಾವಿಯನ್ನು ಹಂಚಲಾರದೆ ಇಬ್ಬರಿಗೂ ಬಿಟ್ಟು ಹೋಗಿದ್ದ. ಮೂರು ದಿನ ಅಣ್ಣನ ಪಾಳಿ, ಮೂರು ದಿನ ತಮ್ಮನ ಪಾಳಿ, ಸೋಮವಾರ ಬಾವಿಗೆ ಬಿಡುವು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ಬೇಸಿಗೆಯಲ್ಲಿ ಅಣ್ಣ ತಮ್ಮನ ಪಾಳಿಯ ಹೊತ್ತಿನಲ್ಲಿ ಮೋಟರು ಹಚ್ಚಿದ. ತಮ್ಮ ಒಂದು ಮಾತೂ ಆಡದೆ ತನ್ನ ಹೊಲದಲ್ಲಿ ಬೋರು ಕೊರೆಸಿದ. ಅಣ್ಣ ಅದಕ್ಕಿಂತ ಆಳಕ್ಕೆ ಕೊರೆಸಿದ. ತಮ್ಮ ಇನ್ನೂ ಆಳಕ್ಕೆ ಹೋದ. ಬಾವಿ ಬತ್ತಿತು, ಆಮೇಲೆ ಬೋರುಗಳೂ ಒಂದೊಂದಾಗಿ ಬತ್ತಿದವು. ಮೆಣಸಿನಕಾಯಿ, ಬದನೆ ಬೆಳೆಯುತ್ತಿದ್ದ ಹೊಲಗಳಲ್ಲಿ ಇಬ್ಬರೂ ಮಳೆ ನೋಡಿ ಗೋವಿನಜೋಳ ಹಾಕುವಂತಾಯಿತು. ಅಂದಿನಿಂದ ಒಬ್ಬ ಕೂತ ಕಟ್ಟೆಯ ಮೇಲೆ ಇನ್ನೊಬ್ಬ ಕೂಡುತ್ತಿರಲಿಲ್ಲ.

ನಾಗಪ್ಪ ಅಣ್ಣನ ಕಡೆ ನೋಡದೆ ಅಧ್ಯಕ್ಷೆ ಗಿರಿಜವ್ವನ ಕಡೆ ತಿರುಗಿ ಹೇಳಿದ:

"ಅಧ್ಯಕ್ಷರ, ಆ ಕಂಬದ ಹಂತ್ಯಾಕ ನಿಂತಾರಲ್ರಿ, ಅವ್ರಿಗೆ ಹೇಳ್ರಿ. ಮದಲ ತಪ್ಪಿದಾವ್ರು ಅವ್ರು. ಖರೇ. ಆದ್ರ ಬಿಟ್ಟಾವ ನಾನು. ಅಂವ ತಪ್ಪಿದ ಮ್ಯಾಲ ನಂದೇನು ಅಂತ ಬಿಟ್ಟೆ. ಬಿಟ್ಟ ಮ್ಯಾಲ ತಿಳೀತು, ನಾ ಬಿಟ್ಟಿದ್ದು ಮಾತನ್ನ, ನೀರನ್ನಲ್ಲ. ಕೆಳಗಿನ ನೀರು ಇಬ್ಬರ್ದೂ ಒಂದ ಇತ್ರಿ."

ಗಿರಿಜವ್ವ ಹತ್ತು ಮಾರು ದೂರದಲ್ಲಿದ್ದ ಫಕ್ಕೀರಪ್ಪನಿಗೆ, "ಕೇಳಿದಿರೇನ್ರಿ?" ಎಂದಳು.

"ಕೇಳಿದೆ. ಅವಗ ಹೇಳ್ರಿ, ಒಂದ್ ಮಾತು ಬಂದು ಕೇಳಬೇಕಿತ್ತು ಅಂತ."

"ನಾಗಪ್ಪಾರ, ಒಂದ್ ಮಾತು ಬಂದು—"

"ಕೇಳಿದ್ರ ಏನ್ ಹೇಳಾಂವ ಇದ್ದೆ ನೀ?" ನಾಗಪ್ಪ ತಟ್ಟನೆ ತಿರುಗಿದ. ಗಿರಿಜವ್ವನ ಬಾಯಿ ತೆರೆದೇ ಉಳಿಯಿತು.

"ಸಸಿ ಒಣಗಾಕತ್ತಿದ್ವೋ! ಒಂದ್ ತಾಸು ಹೆಚ್ಚಿಗಿ ಹಚ್ಚಿದೆ. ಮರುದಿನ ಮುಂಜಾನೆ ತಪ್ಪಾತು ಅಂತ ಹೇಳಾಕ ನಿನ್ನ ಹೊಲಕ್ಕ ಬಂದೆ. ಅಷ್ಟರಾಗ ಬೋರಿನ ಗಾಡಿ ಬಂದು ನಿಂತಿತ್ತು. ಅದರ ಸಪ್ಪಳದಾಗ ಏನ್ ಹೇಳ್ಲಿ?"

"ಬಂದಿದ್ದೇನು ನೀ?"

"ಬಂದಿದ್ದೆ. ಬದುವಿನ ಮ್ಯಾಲ ನಿಂತು ನೋಡಿ ಹೊಳ್ಳಿ ಹೋದೆ."

ನಾಗಪ್ಪ ಕುಳಿತುಬಿಟ್ಟ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನು ಅಟ್ಲಾಸನ್ನು ಸುಮ್ಮನೆ ತೆರೆದು ಮುಚ್ಚಿದೆ. ಪಂಚಾಯತಿ ಕಾರ್ಯದರ್ಶಿ ಮೆಲ್ಲಗೆ, "ಸರ, ಇದನ್ನ ನಡಾವಳಿಯೊಳಗ ಹೆಂಗ ಬರೀಲ್ರಿ?" ಎಂದು ಕೇಳಿದರು. ಅಂತರರಾಷ್ಟ್ರೀಯ ವಿಷಯಗಳಲ್ಲಿ ನಾನು ತಕ್ಕಮಟ್ಟಿಗೆ ತಿಳಿದವನು. ಇದಕ್ಕೆ ಮಾತ್ರ ಗಿರಿಜವ್ವನ ಕಡೆ ಕೈ ತೋರಿಸಿದೆ.

ಗಿರಿಜವ್ವ ಕೊನೆಗೆ, "ಕೈ ಎತ್ತ್ರಿ. ದೇಶ ಇರಬೇಕೋ ಬಿಡಬೇಕೋ?" ಎಂದಳು. ಇರಬೇಕು ಎನ್ನುವುದಕ್ಕೆ ಬಹಳ ಕೈಗಳು ಎದ್ದವು. ಫಕ್ಕೀರಪ್ಪನ ಕೈ ಎಲ್ಲರಿಗಿಂತ ತಡವಾಗಿ, ಮೊಣಕೈ ಮಟ್ಟಕ್ಕೆ ಎದ್ದಿತು.

"ಇರೋಣು. ಆದ್ರ ಒಂದ್ ಮಾತು ಸೇರಸ್ರಿ. ಬಿಟ್ಟು ಹೋದಾವ್ರ ಮನಿಗೆ ಯಾರಾದ್ರೂ ಹೋಗಿ, ಯಾಕ ಬಿಟ್ಟಿ ಅಂತ ಕೇಳಬೇಕು. ಕೇಳಲಾರ್ದಕ್ಕ ಕೆಟ್ಟೇವಿ ನಾವು."

ಹೀಗೆ ನಮ್ಮೂರಿನ ಠರಾವು ಎರಡು ಕಲಮಿನದಾಯಿತು: ದೇಶ ಒಪ್ಪಂದದಲ್ಲಿ ಇರತಕ್ಕದ್ದು, ಬಿಟ್ಟುಹೋದ ದೇಶದ ಮನೆಗೆ ಒಬ್ಬರು ಹೋಗಿ ಕೇಳತಕ್ಕದ್ದು. ಮೇಲಿನ ಕಚೇರಿಯಿಂದ ಅದು ತಿಂಗಳೊಳಗೆ ಹೊರಳಿ ಬಂತು. "ವಿಷಯವು ಪಂಚಾಯತಿಯ ವ್ಯಾಪ್ತಿಗೆ ಒಳಪಡುವುದಿಲ್ಲ" ಎಂದು ಷರಾ ಇತ್ತು. ಅದನ್ನು ಓದಿ ನಾನು ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ನಗು ಈಗ ನೆನಪಾದರೆ ಅಷ್ಟು ಚೆನ್ನಾಗಿ ಅನ್ನಿಸುವುದಿಲ್ಲ.

ಅಣ್ಣತಮ್ಮಂದಿರು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಇಬ್ಬರೂ ಸೇರಿ ಬಾವಿಯ ಹೂಳು ತೆಗೆದರು, ಎರಡೂ ಹೊಲಗಳ ಮಳೆನೀರು ಅದಕ್ಕೆ ಬೀಳುವ ಹಾಗೆ ಬದು ತಿರುಗಿಸಿದರು. ಮೂರನೆಯ ಮಳೆಗಾಲಕ್ಕೆ ನೀರು ಎದೆಮಟ್ಟ ನಿಂತಿತು. ಮೊದಲಿನ ಅರ್ಧವೂ ಅಲ್ಲ. ಪಾಳಿಯನ್ನು ಒಂದೊಂದು ದಿನಕ್ಕೆ ಇಳಿಸಿಕೊಂಡರು. ಫಕ್ಕೀರಪ್ಪ ನಂತರವೂ ಎರಡು ಸಲ ತಪ್ಪಿದನಂತೆ. ಎರಡು ಸಲವೂ ತಮ್ಮ ಅವನ ಮನೆಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಜಗಳವಾಡಿ, ಚಹಾ ಕುಡಿದು ಬಂದನಂತೆ.

ಇವತ್ತು ನಾನು ಸವಣೂರಿನಿಂದ ಮನೆಗೆ ಹೋಗಬೇಕಾದವನು ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ. ಫಕ್ಕೀರಪ್ಪ ಹೋದ ವರ್ಷ ತೀರಿಕೊಂಡಿದ್ದ. ಅವನ ಹೊಲವನ್ನು ಈಗ ಸೊಸೆ ಕಲ್ಲವ್ವ ನೋಡಿಕೊಳ್ಳುತ್ತಾಳೆ. ನಾಗಪ್ಪ ಬಾವಿಯ ಹತ್ತಿರವೇ ಸಿಕ್ಕ.

"ಪಾಳಿ ಇನ್ನೂ ಐತೇನ್ರಿ?" ಎಂದೆ.

"ಐತ್ರಿ. ಒಪ್ಪಂದ ಅಣ್ಣನ ಸಂಗಾಟ ಇತ್ತು, ಅಣ್ಣ ಹೋದ, ಇನ್ನ ಬಿಡು ಅಂದ್ರು ಮಂದಿ. ನಾ ಹದಿನೆಂಟ್ ವರ್ಷ ಬಿಟ್ಟು ನೋಡೇನಲ್ರಿ. ಇವತ್ತ ಕಲ್ಲವ್ವನ ಪಾಳಿ."

ಆ ದೊಡ್ಡ ದೇಶ ನಡುವೆ ಒಮ್ಮೆ ಒಪ್ಪಂದಕ್ಕೆ ಮರಳಿ ಬಂದಿತ್ತು, ಈಗ ಮತ್ತೆ ಹೋಯಿತು ಎಂದು ನಾನು ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಈ ಸಲ ಹೋಗಿ ಎಷ್ಟ್ ವರ್ಷ ಆತ್ರಿ?"

"ವರ್ಷ ಏನಿಲ್ರಿ, ಈಗಷ್ಟ."

"ಹಂಗಾರ ಇನ್ನೂ ಭಾಳ ಆಗಿಲ್ಲ ಬಿಡ್ರಿ" ಎಂದ ನಾಗಪ್ಪ, ಅಣ್ಣನ ಹೊಲಕ್ಕೆ ನೀರು ತಿರುಗಿಸಲು ಎದ್ದ. ಇನ್ನೊಂದು ಸಲಿಕೆ ಅಲ್ಲೇ ಬಿದ್ದಿತ್ತು. ನಾನು ಅದನ್ನೆತ್ತಿಕೊಂಡು ಅವನ ಹಿಂದೆ ನಡೆದೆ.