ಓಟ್ಸು ಪ್ರಸಾದವಾದದ್ದು

ಹೊಸ ವಸ್ತು ಮನೆಗೆ ಬಂದರೆ ಅದನ್ನು ಬಳಸುವ ಮೊದಲು ನಾಲ್ಕು ಜನಕ್ಕೆ ತೋರಿಸಬೇಕು ಎಂಬುದು ಬಾಗಲಕೋಟೆಯ ಹಳೇ ಊರಿನಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸುತ್ತಿದ್ದ ಕಾಯಿದೆ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಮನೆಗೆ ಬಂದ ಪ್ರೆಶರ್ ಕುಕ್ಕರು ಬಹಳ ದಿನ ಪಡಸಾಲೆಯ ಗೂಡಿನಲ್ಲಿ, ರೇಡಿಯೋದ ಪಕ್ಕದಲ್ಲಿ ಕೂತಿತ್ತು. ಬಂದವರು ರೇಡಿಯೋ ಕೇಳುತ್ತ ಕುಕ್ಕರು ನೋಡುತ್ತಿದ್ದರು. ಕೊನೆಗೊಮ್ಮೆ ಅದು ಅಡುಗೆಮನೆಗೆ ಹೋದ ಮೇಲೂ ಅದರ ಪ್ರತಿಷ್ಠೆಗೆ ಕುಂದು ಬರಲಿಲ್ಲ. ಅಲ್ಲಿಯವರೆಗೆ ಕಾಣುತ್ತಿದ್ದದ್ದು ಆಮೇಲೆ ಕೇಳಿಸತೊಡಗಿತು, ಅಷ್ಟೆ. "ಇವತ್ತ ನಿಮ್ಮನಿ ಸೀಟಿ ಲಗೂನ ಆತಲ್ಲವಾ" ಎಂದು ಓಣಿಯ ಹೆಂಗಸರು ಅಂದರೆ ನನ್ನ ಹೆಂಡತಿ ನೀಲಾ ಸ್ಟೇಷನ್ ಮಾಸ್ತರನ ಗಾಂಭೀರ್ಯದಿಂದ ತಲೆಯಾಡಿಸುತ್ತಿದ್ದಳು.

ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕಸುಬು. ನದಿಯ ನೆರೆಯನ್ನೂ ಪುರಸಭೆಯ ಜಗಳವನ್ನೂ ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸಿದವನು ನಾನು. ಆದರೆ ಒಂದು ಬೆಳಿಗ್ಗೆ ಆ ಕುಕ್ಕರಿನೊಳಗೆ ತಯಾರಾದ ಪದಾರ್ಥವನ್ನು ಹೇಗೆ ವರ್ಣಿಸಬೇಕೆಂದು ನನಗೆ ಇಂದಿಗೂ ಹೊಳೆದಿಲ್ಲ. ಆದ್ದರಿಂದ ಅದು ಹೇಗೆ ಆಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ನಮ್ಮಪ್ಪ ಸೀರೆಯ ವ್ಯಾಪಾರಿ. ಮಾಲು ತರಲು ವಾರಕ್ಕೊಮ್ಮೆ ಬಸ್ಸಿನಲ್ಲಿ ಹುನಗುಂದ ದಾಟಿ ಇಳಕಲ್ಲಿಗೆ ಹೋಗುತ್ತಿದ್ದ. ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಲ್ಲುವುದು ಡ್ರೈವರನ ಚಹಾಕ್ಕಾಗಿ ಎಂದು ಉಳಿದ ಪ್ರಯಾಣಿಕರು ತಿಳಿದಿದ್ದರು. ತನ್ನ ಕರದಂಟಿಗಾಗಿ ಎಂದು ಅಪ್ಪ ತಿಳಿದಿದ್ದ. ಹೋಗುವಾಗ ಒಂದು ತುಂಡು, ಬರುವಾಗ ಒಂದು ತುಂಡು. ಇಷ್ಟು ವರ್ಷಗಳ ತುಪ್ಪ, ಅಂಟು, ಕೊಬ್ಬರಿ ಎಲ್ಲ ಸೇರಿ ಒಂದು ದಿನ ಅವನ ಎದೆಯಲ್ಲಿ ನೋವಾಗಿ ಎದ್ದವು. ಡಾಕ್ಟರು ಔಷಧಿ ಕೊಟ್ಟು, ತುಪ್ಪ ಬೇಡ, ಎಣ್ಣೆ ಬೇಡ, ಶೇಂಗಾ ಬೇಡ, ಉಪ್ಪು ಹೆಸರಿಗಷ್ಟೇ ಎಂದರು. ಬಾಗಲಕೋಟೆಯ ಊಟದಿಂದ ಇಷ್ಟನ್ನು ಕಳೆದರೆ ಉಳಿಯುವುದು ನೀರು ಮತ್ತು ತಾಟು.

ನಮ್ಮ ಮನೆಯಲ್ಲಿ ಊಟವೆಂದರೆ ಎಲ್ಲರೂ ಸಾಲಾಗಿ ಕೂತು, ಕಡೆಯ ತಾಟಿಗೂ ರೊಟ್ಟಿ ಬಿದ್ದ ಮೇಲೆ ಅಪ್ಪ ಮೊದಲ ತುತ್ತು ಮುರಿಯುವುದು. ಡಾಕ್ಟರ ಅಪ್ಪಣೆಯಾದ ಮೇಲೆ ಅವನಿಗೆ ಬೇರೆ ಅಡುಗೆ, ಬೇರೆ ತಾಟು, ಬೇರೆ ಹೊತ್ತು. ನಮ್ಮ ಎಣ್ಣೆಗಾಯಿಯ ವಾಸನೆ ಅವನ ಮೂಗಿಗೆ ಬಡಿಯಬಾರದೆಂದು ಅವನಿಗೆ ಮೊದಲೇ ಗಂಜಿ ಕೊಟ್ಟು, ಪಡಸಾಲೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ನಾವು ಉಣ್ಣುತ್ತಿದ್ದೆವು. ಇದನ್ನು ನಾವು ಕಾಳಜಿ ಎಂದು ಕರೆಯುತ್ತಿದ್ದೆವು. ಅಪ್ಪ ಜಗಳವಾಡಲಿಲ್ಲ. "ಹಸಿವಿ ಇಲ್ಲ" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸತೊಡಗಿದ. ದಿನ ಕಳೆದಂತೆ ಅಂಗಿಯೊಳಗೆ ಅಪ್ಪ ಕಡಿಮೆಯಾದ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಹೊಟ್ಟಿಗೆ ಏನರೆ ಹೋಗದಿದ್ರ ನನ್ನ ಗುಳಿಗಿ ಏನೂ ಮಾಡಾಂಗಿಲ್ಲ ನೋಡ್ರಿ" ಅಂದರು. ತಿನ್ನುವುದನ್ನೆಲ್ಲ ನಿಷೇಧಿಸಿ ತಿನ್ನಿಸಿರೆಂದು ಹೇಳುವ ವಿದ್ಯೆಗೆ ಎಷ್ಟು ವರ್ಷದ ಓದು ಬೇಕೋ ನಾನು ಕೇಳಲಿಲ್ಲ. ಕೇಳುವ ಧೈರ್ಯವೂ ಆಗ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬಾದಾಮಿಯಿಂದ ನನ್ನ ಅಕ್ಕನ ಗಂಡ ಬಂದ. ಮಾಮಾ ಅಲ್ಲಿ ಪ್ರವಾಸಿಗರು ಇಳಿದುಕೊಳ್ಳುವ ಬಂಗಲೆಯೊಂದರ ಉಸ್ತುವಾರಿ. ಗುಹೆ ನೋಡಲು ಬಂದ ವಿದೇಶಿಯರ ಜೊತೆ ಒಡನಾಡಿ, ಅವರ ಭಾಷೆ ಬಾರದಿದ್ದರೂ ಅವರ ಅಭಿಪ್ರಾಯಗಳನ್ನೆಲ್ಲ ಕಲಿತಿದ್ದ. ಅವನ ಕೈಯಲ್ಲಿ ಒಂದು ತಗಡಿನ ಡಬ್ಬಿ. ಯಾರೋ ಗೋರಾ ದಂಪತಿಗಳು ಊರಿಗೆ ಮರಳುವಾಗ ಬಿಟ್ಟುಹೋದ ಓಟ್ಸು. ಮುಚ್ಚಳ ತೆಗೆದರೆ ಒಳಗೆ ಒರಳಿನಲ್ಲಿ ಕುಟ್ಟುತ್ತ ನಡುವೆಯೇ ಮನಸ್ಸು ಬದಲಾಯಿಸಿ ಬಿಟ್ಟ ಅವಲಕ್ಕಿಯಂಥದೇನೋ ಇತ್ತು.

"ಮಾವಾರ, ಎಂಬತ್ತ ವರ್ಷದ ಗೋರಾ ಮಂದಿ ಸೈತ ಮುಂಜಾನೆ ಸಿಹಿ ಮಾಡಿ ಇದನ್ನ ತಿಂದು, ಮ್ಯಾಲಿನ ಗವಿತನಾ ದಡದಡ ಹತ್ತತಾರ. ನಮ್ಮ ಮಂದಿ ನೋಡ್ರಿ, ಅರ್ಧಕ್ಕ ಕೂತಬಿಡತಾರ" ಎಂದ ಮಾಮಾ.

ಅಪ್ಪ ಗೋಡೆಗೆ ಒರಗಿದ್ದಲ್ಲಿಂದಲೇ ಹೇಳಿದ: "ಅವರು ಗವಿ ನೋಡಾಕ ಹತ್ತೂದಲ್ರಿ ಅಳಿಯಾರ. ಕೆಳಗ ಇದ್ರ ಮತ್ತ ಇದನ್ನ ತಿನ್ನಸ್ತಾರಂತ ಓಡತಾರ."

ಅಪ್ಪ ಕಾಯಿಲೆ ಬಿದ್ದ ಮೇಲೆ ಆಡಿದ ಅತಿ ಉದ್ದನೆಯ ಮಾತು ಅದು. ಆದರೆ ಅಂದು ಸಂಜೆಯೂ ಗಂಜಿಯ ಬಟ್ಟಲು ತುಂಬಿದ್ದಂತೆಯೇ ಒಳಗೆ ಬಂತು.

ಓಟ್ಸಿನ ಕುಲಗೋತ್ರ ನನಗೆ ಅಷ್ಟಿಷ್ಟು ಗೊತ್ತಿತ್ತು. ಅದರ ತವರಿನಲ್ಲಿ ಬಹುಕಾಲ ಅದು ಮುಖ್ಯವಾಗಿ ಕುದುರೆಯ ಮೇವು. ಕುಕ್ಕರಿನ ಚರಿತ್ರೆಯನ್ನೂ ಎಲ್ಲೋ ಓದಿದ್ದೆ: ಮುನ್ನೂರು ವರ್ಷದ ಹಿಂದೆ ಒಬ್ಬ ಫ್ರೆಂಚ್ ಪಂಡಿತ ಅದನ್ನು ಮೊದಲು ಮಾಡಿದ್ದು ದನದ ಎಲುಬನ್ನು ಮೆತ್ತಗಾಗುವಂತೆ ಬೇಯಿಸಲು. ವಿಭೂತಿ ಹಚ್ಚದೆ ನೀರು ಕುಡಿಯದ ನಮ್ಮ ಮನೆಯಲ್ಲಿ ನಾನು ಈ ಎರಡರ ಬಗ್ಗೆಯೂ ಬಾಯಿ ಬಿಡಲಿಲ್ಲ. ಗೊತ್ತಿದ್ದುದನ್ನೆಲ್ಲ ಅಚ್ಚು ಹಾಕಬಾರದು ಎಂಬುದೂ ಪತ್ರಿಕೆಯ ಕೆಲಸದಲ್ಲಿ ಕಲಿಯುವ ಪಾಠವೇ. ಹೀಗೆ ಕುದುರೆಯ ಕಾಳು ಎಲುಬಿನ ಪಾತ್ರೆಯಲ್ಲಿ ಬೇಯಲು ಮರುದಿನ ಮುಂಜಾನೆ ಮುಹೂರ್ತವಾಯಿತು.

ಮಾಮಾ ಸ್ವತಃ ಅಡುಗೆಮನೆಗೆ ಇಳಿದ. ಪಂಪಿನ ಸ್ಟೋವು ಹೊತ್ತಿಸಿ, ಕುಕ್ಕರಿನೊಳಗೆ ನೇರವಾಗಿ ಓಟ್ಸು ಸುರಿದು, ಅದರ ಮೇಲೆ ಹಾಲು ಹೊಯ್ದು, ಬೆಲ್ಲದ ಹೆಂಟೆ ಎತ್ತಿಕೊಂಡ.

"ಅಣ್ಣಾರ, ಬೆಲ್ಲದ ಜೋಡಿ ಹಾಲು ಕುದಿಸಿದ್ರ ಒಡದ ಹೊಕ್ಕಾವ್ರಿ. ಹುಗ್ಗಿ ಇಳಿಸಿದಮ್ಯಾಲೆ ನಾವು ಹಾಲು ಹಾಕೂದು" ಎಂದಳು ನೀಲಾ.

"ಅದು ಹುಗ್ಗಿ ಮಾತವಾ ತಂಗಿ. ಇದು ಸೈನ್ಸ್."

"ಡಬ್ಬಿ ಮ್ಯಾಲ ಕುಕ್ಕರಿನಾಗ ಮಾಡ್ರಿ ಅಂತ ಬರದೈತೇನ್ರಿ?"

"ಬಂಗಲೇದಾಗ ಅವರು ಬೋಗಾಣ್ಯಾಗ ತಿರುವಿಕೋತ ನಿಂದರತಾರ. ಅವರಿಗೆ ಹೊತ್ತು ಭಾಳ. ನಮಗೆಲ್ಲೈತಿ ಹೊತ್ತು?"

ಒಂದು ಊಟಕ್ಕೆಂದು ಬಂದು ರಾತ್ರಿಯೂ ಉಳಿದು, ಮರುದಿನದ ಊಟಕ್ಕೆ ಏನು ಎಂದು ವಿಚಾರಿಸಿದ್ದ ಮಾಮಾ ಆಡಿದ ಈ ಮಾತನ್ನು ಯಾವ ಟೀಕೆಯೂ ಇಲ್ಲದೆ ದಾಖಲಿಸುತ್ತಿದ್ದೇನೆ.

ಸೀಟಿ ಆಗಲಿಲ್ಲ. ಕುಕ್ಕರು ಒಳಗೊಳಗೇ ಗೊಣಗಿತು, ಸ್ವಲ್ಪ ನಡುಗಿತು, ಆಮೇಲೆ ಪೂರಾ ಮೌನವಾಯಿತು. ಗದ್ದಲ ಮಾಡುವ ಸಭೆಗಿಂತ ಸುಮ್ಮನಾದ ಸಭೆ ಅಪಾಯಕಾರಿ ಎಂದು ಅನುಭವದಿಂದ ಬಲ್ಲ ನಾನು ಬಾಗಿಲ ಕಡೆ ಸರಿದೆ. ಮಾಮಾ ಮಾತ್ರ ಸ್ಟೋವು ಆರಿಸಿದವನೇ ಇಕ್ಕಳದಿಂದ ಸೀಟಿಯ ಗುಂಡನ್ನು ಸ್ವಲ್ಪ ಎತ್ತಿದ. ಓಟ್ಸು ದಾರದಂತೆ ನೆಟ್ಟಗೆ ಮೇಲೆ ಹೋಯಿತು. ಮಾಳಿಗೆಯ ಜಂತಿಗಳ ಸಂದಿಯಲ್ಲಿ ಒಂದಿಷ್ಟು, ಮಾಮಾನ ಚಷ್ಮಾದ ಮೇಲೆ ಒಂದಿಷ್ಟು ನೆಲೆಗೊಂಡಿತು. ಯಾರಿಗೂ ಗಾಯವಾಗಲಿಲ್ಲ.

"ಸುಣ್ಣ ಹಚ್ಚಿಸಬೇಕು" ಎಂದೆ ನಾನು, ಮೇಲೆ ನೋಡುತ್ತ.

"ಎದಕ್ಕ? ಹೆಂಗೂ ಮುಳುಗೂ ಊರು" ಎಂದ ಮಾಮಾ ಚಷ್ಮಾ ಒರೆಸಿಕೊಳ್ಳುತ್ತ.

ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಒಂದಿಲ್ಲೊಂದು ದಿನ ಹೋಗುತ್ತದೆ ಎಂಬ ಮಾತು ಆಗಲೇ ಹಳತಾಗಿತ್ತು. ಒಡೆದ ಮೆಟ್ಟಿಲು, ಕಟ್ಟಿಕೊಂಡ ಗಟಾರು, ಬಿರುಕುಬಿಟ್ಟ ಗೋಡೆ ಎಲ್ಲಕ್ಕೂ ನಮ್ಮೂರಲ್ಲಿ ಅದೇ ಉತ್ತರ. ನೀರು ಬರುವ ಎಷ್ಟೋ ಮೊದಲೇ ನಮ್ಮ ಆಲಸ್ಯಕ್ಕೆಲ್ಲ ಅದು ಪರಿಹಾರ ಕೊಟ್ಟಾಗಿತ್ತು.

ಮುಚ್ಚಳ ತೆಗೆದೆವು. ಹಾಲು ನೀಲಾ ಹೇಳಿದಂತೆಯೇ ಒಡೆದಿತ್ತು. ತಳದಲ್ಲಿ ಬೆಲ್ಲ ಕರಕಲಾಗಿತ್ತು. ನಡುವೆ ಇದ್ದದ್ದು ಪೋಸ್ಟರ್ ಅಂಟಿಸಲು ಅತ್ಯುತ್ತಮವಾಗಿತ್ತು. ಎಮ್ಮೆಗೆ ಹಾಕೋಣವೇ ಎಂದು ನಾನು ಕೇಳುವುದರೊಳಗೆ ನೀಲಾ ಒಂದು ಬಟ್ಟಲಿಗೆ ಅದನ್ನು ಬಡಿದು ಹಾಕಿಕೊಂಡು ಪೂಜೆಯ ಕೋಣೆಯತ್ತ ನಡೆದಳು. ನಾನು ಕಣ್ಣರಳಿಸಿದೆ.

"ಸುಮ್ನಿರ್ರಿ" ಎಂದಳು ಪಿಸುಮಾತಿನಲ್ಲಿ. "ಲಿಂಗಕ್ಕ ತೋರಿಸಿದಮ್ಯಾಲೆ ಮಾವಾರು ಬ್ಯಾಡ ಅನ್ನಾಂಗಿಲ್ಲ."

ಅಪ್ಪ ಹಾಸಿಗೆ ಹಿಡಿದರೂ ಲಿಂಗಪೂಜೆ ಬಿಟ್ಟಿರಲಿಲ್ಲ. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದರ ಮೇಲೆ ದೃಷ್ಟಿ ನೆಟ್ಟರೆ ಪಕ್ಕದಲ್ಲಿ ಯಾರು ಏನು ತಂದಿಟ್ಟರೂ ಅವನಿಗೆ ತಿಳಿಯುತ್ತಿರಲಿಲ್ಲ. ದಿನಾ ಅಲ್ಲಿ ಒಂದಿಷ್ಟು ಹಾಲೋ ಹಣ್ಣೋ ಇರುತ್ತಿತ್ತು. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ. ಪ್ರಸಾದವನ್ನು ಚೆಲ್ಲುವಂತಿಲ್ಲ, ಬಿಡುವಂತಿಲ್ಲ, ಹೆಸರಿಡುವಂತಿಲ್ಲ. ನಿಷ್ಠೆಯವರು ತಾಟು ತೊಳೆದ ನೀರನ್ನೂ ಕುಡಿಯುತ್ತಾರೆ, ಅಪ್ಪ ಅಂಥವನು. ಸೊಸೆ ಮಾವನನ್ನು ಅವನ ದೇವರ ಕೈಯಲ್ಲೇ ಹಿಡಿಸಿದ್ದಳು.

ಪೂಜೆ ಮುಗಿಸಿ, ಕೈಯಾಡಿಸಿ ಅರ್ಪಿಸಿದ ಮೇಲೆ ಅಪ್ಪ ಬಟ್ಟಲು ನೋಡಿದ.

"ಏನವಾ ನೀಲಾ ಇದು?"

"ಪ್ರಸಾದ ರೀ, ಮಾವಾರ."

ಅಪ್ಪ ಬಟ್ಟಲನ್ನು ಸ್ವಲ್ಪ ವಾಲಿಸಿದ. ಒಳಗಿನದು ವಾಲಲಿಲ್ಲ. ಸೊಸೆಯ ಮುಖ ನೋಡಿದ. ಬಾಗಿಲಲ್ಲಿ ಹುಬ್ಬಿನ ಓಟ್ಸು ತೆಗೆದುಕೊಳ್ಳುತ್ತಿದ್ದ ಅಳಿಯನನ್ನು ನೋಡಿದ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದು, ಬಟ್ಟಲಿನೊಂದಿಗೆ ಅಡುಗೆಮನೆಗೆ ನಡೆದ. ಬಟ್ಟಲಲ್ಲಿದ್ದುದನ್ನು ಕುಕ್ಕರಿಗೆ ಹಾಕಿ, ಬಡಿಸುವ ಹುಟ್ಟು ತೆಗೆದುಕೊಂಡು ಚೆನ್ನಾಗಿ ಕಲಸಿದ.

"ಈಗ ಎಲ್ಲಾ ಪ್ರಸಾದ ಆತು. ಪ್ರಸಾದ ಒಬ್ಬಂವ ತಿನ್ನೂದಲ್ಲ. ತಾಟು ಹಾಕವಾ, ಎಲ್ಲಾರಿಗೂ."

"ಮಾವಾರ, ನನಗ ಬಸ್ಸಿನ ಹೊತ್ತಾತ್ರಿ" ಎಂದ ಮಾಮಾ.

"ಪ್ರಸಾದ ಬಿಟ್ಟು ಹೊಕ್ಕೀರೇನ್ರಿ ಅಳಿಯಾರ?"

ಮಾಮಾ ಕೂತ. ನಾವೆಲ್ಲ ಸಾಲಾಗಿ ಕೂತೆವು. ಅಪ್ಪ ತಾನೇ ಬಡಿಸಿದ. ಹುಟ್ಟಿನಿಂದ ಅದು ತಾನಾಗಿ ಬೀಳದ್ದರಿಂದ ಪ್ರತಿ ತಾಟಿಗೂ ಒಂದೊಂದು ಸಲ ಬಡಿಯಬೇಕಾಯಿತು. ಕಡೆಯ ತಾಟಿಗೆ ಹಾಕಿ, ತನ್ನ ಜಾಗದಲ್ಲಿ ಕೂತು, ಎಲ್ಲರನ್ನೂ ಒಮ್ಮೆ ನೋಡಿ, ಮೊದಲ ತುತ್ತು ತೆಗೆದ.

ಮಾಮಾನ ಬಾಯಿಗೆ ಹೋದ ತುತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಹಳ ಹೊತ್ತು ಅಲ್ಲಿಯೇ ತಿರುಗಿತು.

"ಬಂಗಲೇದಾಗ ನೀವು ದಿನಾ ತಿಂತಿದ್ರೆಲ್ರಿ ಅಣ್ಣಾರ?" ಎಂದು ಕೇಳಿದಳು ನೀಲಾ.

"ತಿಂತಿದ್ದಿಲ್ಲವಾ" ಎಂದ ಮಾಮಾ ನೀರು ಕುಡಿದು. "ಅವರು ತಿನ್ನೂದು ನೋಡತಿದ್ದೆ."

ಅಪ್ಪ ಕೆಮ್ಮಿದನೆಂದು ನಾನು ಮೊದಲು ಹೆದರಿದೆ. ಅದು ಕೆಮ್ಮಲ್ಲ, ನಗು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗುತ್ತಲೇ ತಾಟು ಖಾಲಿ ಮಾಡಿದ. "ಅಳಿಯಾರಿಗೆ ಇನ್ನೊಂದು ಹುಟ್ಟು ಹಾಕವಾ, ಗವಿ ಹತ್ತಬೇಕು ಅವರು" ಎಂದ. ಅಳಿಯನಿಗೆ ಹಾಕಿಸಿದ ಮೇಲೆ ತನಗೆ ಬೇಡವೆನ್ನುವುದು ಪದ್ಧತಿಯಲ್ಲವೆಂದು ತಾನೂ ಹಾಕಿಸಿಕೊಂಡ. ಮಾಮಾ ಕಣ್ಣು ಮುಚ್ಚಿ ತಾಟು ತೊಳೆದ ನೀರನ್ನು ಕುಡಿದಾಗ ನನಗೆ ಗೋರಾ ಮಂದಿಯ ಮೇಲೆ ಮೊದಲ ಬಾರಿ ಗೌರವ ಹುಟ್ಟಿತು.

ಅಂದು ಮಧ್ಯಾಹ್ನ ನೀಲಾ ಅಪ್ಪನ ತಾಟನ್ನು ಪಡಸಾಲೆಗೆ ಒಯ್ಯಲಿಲ್ಲ. ಎಲ್ಲರಿಗೂ ಒಂದೇ ಅಡುಗೆ: ರೊಟ್ಟಿ, ಎಣ್ಣೆಯಿಲ್ಲದ ಪಲ್ಯ, ಉಪ್ಪು ಕಂಡೂ ಕಾಣದ ಬೇಳೆ. ನಮಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅಪ್ಪನಿಗೆ ಇಳಿಯಿತು. ನಾವು ಪೇಚಾಡಿ ನುಂಗುವುದನ್ನು ನೋಡುತ್ತ ಆತ ಒಂದೊಂದೇ ರೊಟ್ಟಿ ಮುಗಿಸುತ್ತಿದ್ದ. ಊಟಕ್ಕೆ ಉಪ್ಪಿಗಿಂತ ಅದೇ ಹೆಚ್ಚು ರುಚಿ ಕೊಟ್ಟಂತೆ ಕಂಡಿತು. ಓಟ್ಸು ಮತ್ತೆ ಒಲೆ ಹತ್ತಲಿಲ್ಲ. ನೀಲಾ ಡಬ್ಬಿ ಬರಿದು ಮಾಡಿ ಅದರಲ್ಲಿ ಸಾಸಿವೆ ತುಂಬಿದಳು.

ಮುಂದೆ ಅಪ್ಪನನ್ನು ತೋರಿಸಲು ಹೋದಾಗ ಡಾಕ್ಟರು ಅವನ ಮುಖದ ಕಳೆ ನೋಡಿ ಬೆರಗಾದರು. ಮಾಮಾ ಊರೆಲ್ಲ ಹಬ್ಬಿಸಿದ್ದ ಓಟ್ಸಿನ ಸುದ್ದಿ ಅವರನ್ನೂ ಮುಟ್ಟಿತ್ತು. "ಓಟ್ಸ್ ಭಾಳ ಛಲೋ. ನಾ ಮೊದಲ ಹೇಳಿದ್ದಿಲ್ಲೇನು?" ಎಂದರು. ಅವರು ಹೇಳಿರಲಿಲ್ಲ. ನಾನು ತಿದ್ದುಪಡಿ ಪ್ರಕಟಿಸಲು ಬಾಯಿ ತೆರೆದೆ. ಅಪ್ಪ ನನ್ನ ತೊಡೆ ಅದುಮಿದ.

"ಹೆಂಗ ಮಾಡ್ತೀರಿ ಮನ್ಯಾಗ? ಹಾಲಿನಾಗೋ, ಬರೇ ನೀರಿನಾಗೋ?"

"ಹೆಂಗ ಮಾಡಿದ್ರೂ ನಡೀತೈತ್ರಿ ಡಾಕ್ಟರ" ಎಂದ ಅಪ್ಪ. "ಖರೆ, ಅದು ಒಬ್ಬಂವಗ ಹತ್ತೂ ಔಷಧ ಅಲ್ರಿ. ಮನಿಮಂದಿ ಎಲ್ಲಾ ಕೂಡಿ ಕೂತು ತಗೋಬೇಕು. ಬರೂ ಸೋಮವಾರ ನೀವೂ ಬರ್ರಿ, ನಿಮಗೂ ಒಂದು ತಾಟು ಹಾಕಸ್ತೇನಿ."

ಸೋಮವಾರ ತಮಗೆ ಬಿಡುವಿಲ್ಲ ಎಂದ ಡಾಕ್ಟರು ಅಪ್ಪನ ಚೀಟಿ ಎಳೆದುಕೊಂಡು, ಪಲ್ಯಕ್ಕೆ ಒಂದು ಚಮಚ ಎಣ್ಣೆ ಹಾಕಲು ಅಡ್ಡಿಯಿಲ್ಲ ಎಂದರು.