ಬಾಣಂತಿ ಕೋಣೆಯ ಗವಾಕ್ಷಿ

ಮೂವತ್ತು ವರ್ಷದ ಗಾರೆ ಕೆಲಸ ಸಿದ್ದಲಕ್ಷ್ಮಮ್ಮನಿಗೆ ಕಲಿಸಿದ ದೊಡ್ಡ ವಿದ್ಯೆಯೆಂದರೆ ಮಧ್ಯಾಹ್ನ ಎಲ್ಲಿ ಮಲಗಬೇಕು ಎನ್ನುವುದು. ತುಮಕೂರಿನಲ್ಲಿ ಆಕೆ ಬಾಂಡಲಿ ಹೊತ್ತು ಎಬ್ಬಿಸಿದ ಮನೆಗಳು ಎಷ್ಟೋ. ಬುತ್ತಿ ಬಿಚ್ಚಿ ಉಂಡು, ಅರ್ಧ ಗಂಟೆ ಅಡ್ಡಾಗಲು ಆಳುಗಳು ತಂಪಿನ ಮೂಲೆ ಹುಡುಕುವಾಗ ಆಕೆ ಹೋದಲ್ಲಿಗೇ ಉಳಿದವರೂ ಹೋಗುತ್ತಿದ್ದರು. ಪಡುವಣ ಗೋಡೆಯ ಹತ್ತಿರ ಬೇಡ. ಗಾಜು ಕೂರಿಸಿದ ಕೋಣೆ ಬೇಡವೇ ಬೇಡ. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ ಇರುವಲ್ಲಿ ಮೈ ಚಾಚು. ಇಷ್ಟು ತಿಳಿಯಲು ಆಕೆ ಕಾಲೇಜಿಗೆ ಹೋಗಬೇಕಾಗಿರಲಿಲ್ಲ. ಹೋದವರಿಗೆ ಯಾಕೆ ತಿಳಿಯುವುದಿಲ್ಲವೋ! ಮಾಲೀಕ ಕೇಳುವುದು ಎದುರಿಗೆ ಕಾಣುವ ಅಂದ, ಅವರ ಭಾಷೆಯಲ್ಲಿ ಎಲಿವೇಶನ್; ಇಂಜಿನಿಯರ್ ಬರೆದುಕೊಡುವುದೂ ಎಲಿವೇಶನ್. ಕಿಟಕಿಗೆ ನೆರಳು ಕೊಡುವ ಸಜ್ಜಾ ಕತ್ತರಿಸಿ, ಗವಾಕ್ಷಿ ಮುಚ್ಚಿಸಿ, ಬಿಸಿಲಿಗೆ ಎದುರಾಗಿ ಗಾಜು ನಿಲ್ಲಿಸಿ, ಆಮೇಲೆ ಎಸಿ ತರಲು ಓಡುತ್ತಾರೆ. ಆ ಮನೆ ಕಟ್ಟಿದವಳು ಸಂಜೆ ಬಸ್ಸು ಹತ್ತಿ ಗೂಳೂರಿಗೆ ಬಂದು ಸಿಮೆಂಟ್ ಶೀಟಿನಡಿ ಬೇಯುತ್ತಾಳೆ. ಅವಳ ಸೆಕೆಗೆ ಯಾರ ನಕ್ಷೆಯಲ್ಲೂ ಜಾಗವಿಲ್ಲ.

ಆ ಶೀಟಿನಡಿ ಇಪ್ಪತ್ತು ಬೇಸಿಗೆ ತೆಗೆದವಳಿಗೆ ಈ ಸಲ ಸುಮ್ಮನಿರಲು ಆಗಲಿಲ್ಲ. ಮಗಳು ಮಂಜುಶ್ರೀಗೆ ಚೊಚ್ಚಲ ಹೆರಿಗೆ. ದಿನ ತುಂಬುವುದು ಏಪ್ರಿಲ್ ಕೊನೆಗೆ, ಕಡು ಬೇಸಿಗೆಯಲ್ಲಿ. ಮೊದಲ ಬಾಣಂತನ ತವರಿನಲ್ಲಾಗಬೇಕು, ಅದು ತಾಯಿಯ ಹಕ್ಕು. ಆದರೆ ಕುಣಿಗಲ್ಲಿನ ಬೀಗಿತ್ತಿ ಸುಬ್ಬಲಕ್ಷ್ಮಮ್ಮ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಬೇಜಾರ್ ಮಾಡ್ಕಬೇಡಿ ಬೀಗ್ರೇ. ನಿಮ್ ಮನೆ ಬೇಸ್ಗೇಲಿ ಒಲೆ ಇದ್ದಂಗಿರ್ತದೆ. ಹಸುಗೂಸು ತಡ್ಕತದಾ? ನಮ್ಮನೇಲಿ ಎಸಿ ಐತೆ, ಇಲ್ಲೇ ಆಗ್ಲಿ ಬುಡಿ.”

ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಚುಚ್ಚಿತು. “ಯುಗಾದಿ ಕಳೀಲಿ. ಒಂದ್ಸಲ ಬಂದು ನೋಡಿ, ಆಮೇಲ್ ಹೇಳಿ,” ಎಂದಳು ಸಿದ್ದಲಕ್ಷ್ಮಮ್ಮ.

ಗಂಡ ಆಂಜನಪ್ಪ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಪಾಳಿ ಮುಗಿಸಿ ಬೆಳಿಗ್ಗೆ ಬಂದವನು ನೋಡಿದರೆ ಹೆಂಡತಿ ಏಣಿಯ ಮೇಲೆ.

“ಏನೇ, ಮನೆ ಕೆಡವ್ತಾ ಇದೀಯಾ?”

“ಮಾತು ಸಾಕು, ಏಣಿ ಹಿಡ್ಕಳಿ.”

ಶೀಟಿನ ಮೇಲೆ ಎರಡು ಕೋಟು ಸುಣ್ಣ ಬಳಿದಳು. ಒಳಗೆ, ಶೀಟಿಗೂ ಕೋಣೆಗೂ ನಡುವೆ ಒಂದು ಗೇಣು ಸಂದು ಬಿಟ್ಟು, ಹೆಣೆದ ತೆಂಗಿನ ಗರಿಯ ತಡಿಕೆ ಕಟ್ಟಿದಳು. ಪಡುವಣ ಗೋಡೆಗೆ ಬಿಸಿಲು ತಾಗದಂತೆ ಹೊರಗೂ ಗರಿಯ ಮರೆ. ಕೊನೆಗೆ ಉಳಿ, ಸುತ್ತಿಗೆ ಹಿಡಿದು ಗೋಡೆಯನ್ನೇ ಒಡೆದಳು. ಬೇವಿನ ಮರದ ನೆರಳಿನ ಕಡೆ ನೆಲದ ಹತ್ತಿರ ಒಂದು ಕಿಂಡಿ. ಎದುರು ಗೋಡೆಯಲ್ಲಿ, ತಡಿಕೆಯ ಕೆಳಗೇ, ಎರಡು ಗವಾಕ್ಷಿ. ನೆರಳಿನ ಗಾಳಿ ಕೆಳಗಿಂದ ಬರಲಿ, ಬಿಸಿಗಾಳಿ ಮೇಲಿಂದ ತೊಲಗಲಿ. ಅಷ್ಟು ವರ್ಷ ಹಗಲು ನಿದ್ದೆಗೆ ಮರದಡಿ ಚಾಪೆ ಹಾಸುತ್ತಿದ್ದ ಆಂಜನಪ್ಪ ಆ ವಾರ ಒಳಗೇ ಗೊರಕೆ ಹೊಡೆದ.

ಬೀಗಿತ್ತಿ ಬರುವ ದಿನ ಸಿದ್ದಲಕ್ಷ್ಮಮ್ಮನ ಧೈರ್ಯ ಕೈಕೊಟ್ಟಿತು. ಎಸಿ ಮನೆಯವಳ ಕಣ್ಣಿನಿಂದ ಒಮ್ಮೆ ನೋಡಿದಳು. ಗೋಡೆಯಲ್ಲಿ ತೂತು, ತಲೆಯ ಮೇಲೆ ಗರಿ. ಬಡತನವನ್ನೇ ಮೊಳೆ ಹೊಡೆದು ತೂಗುಹಾಕಿದ ಹಾಗೆ. ಸಾಲದ್ದಕ್ಕೆ, ಬಾಣಂತಿ ಕೋಣೆಗೆ ಕಿಂಡಿಯೇ? ತನ್ನ ಬಾಣಂತನದಲ್ಲಿ ಅವ್ವ ಬಾಗಿಲ ಸಂದಿಗೂ ಗೋಣಿಚೀಲ ತುರುಕಿದ್ದಳು. ದಪ್ಪ ಮಣ್ಣಿನ ಗೋಡೆಯ ಕಾಲದ ಕಟ್ಟಳೆ ಅದು. ಶೀಟಿನಡಿ ಹಾಗೆ ಮುಚ್ಚಿದರೆ ಕೂಸಿನ ಗತಿಯೇನೆಂದು ಯಾರೂ ಕೇಳುವುದಿಲ್ಲ. ಎಲ್ಲ ಬಲ್ಲ ಸಿದ್ದಲಕ್ಷ್ಮಮ್ಮನೂ ಅವತ್ತು ಕೇಳಿಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಹಳೇ ಹತ್ತಿ ಸೀರೆಗಳನ್ನು ತೆಗೆದು ಕಿಂಡಿಗೂ ಗವಾಕ್ಷಿಗಳಿಗೂ ಗಿಡಿದಳು. ಕಾಣದಿರಲೆಂದು ಮೇಲೆ ಕ್ಯಾಲೆಂಡರ್ ನೇತುಹಾಕಿದಳು.

ಮಧ್ಯಾಹ್ನ ಬಂದ ಸುಬ್ಬಲಕ್ಷ್ಮಮ್ಮ ಮಂಚದ ಮೇಲೆ ಕೂತು ಹತ್ತು ನಿಮಿಷವಾಗಿರಲಿಲ್ಲ, ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. “ಬಂದ್ ನೋಡಿ ಅಂದ್ರಿ. ನೋಡ್ದೆ ಬೀಗ್ರೇ. ಕುಂಕುಮ ಮೂಗಿಗ್ ಇಳೀತಾ ಐತೆ. ನಾನಿನ್ನು ಹೊರಡ್ಲಾ?”

ಸಿದ್ದಲಕ್ಷ್ಮಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಕಂಡವರ ಗವಾಕ್ಷಿಗಳಿಗೆ ಬಾಯಿ ಮುಚ್ಚಿಕೊಂಡು ಇಟ್ಟಿಗೆ ಇಟ್ಟಿದ್ದು ಸಾಲದೆ, ಈಗ ತನ್ನದಕ್ಕೂ! ಸ್ಟೂಲು ಎಳೆದು ಹತ್ತಿದಳು, ಕ್ಯಾಲೆಂಡರ್ ಕಿತ್ತಳು, ಸೀರೆಗಳನ್ನು ಒಂದೊಂದಾಗಿ ಜಗ್ಗಿ ಕೆಳಗೆಸೆದಳು.

“ಅಯ್ಯೋ, ಇದೇನ್ರೀ ಇದು!”

“ನಾನೇ ಮುಚ್ಚಿದ್ದೆ ಅಕ್ಕಾ. ನೀವ್ ಏನಂದ್ಕತೀರೋ ಅಂತ ನಾಚ್ಕೆ ಆಯ್ತು.”

“ಬಾಣಂತಿ ಕೋಣೇಲಿ ಇಷ್ಟೊಂದ್ ತೂತಾ? ಗಾಳಿ ಹೊಡ್ದು ಸೊಂಟ ಹಿಡ್ಕಂಡ್ರೆ ಆಮೇಲ್ ನಮ್ಮನೆಗ್ ನೀವ್ ಬಂದು ನೀವ್ತೀರಾ?”

ಸಿದ್ದಲಕ್ಷ್ಮಮ್ಮ ಸ್ಟೂಲಿನಿಂದ ಇಳಿದು ನೆಲದ ಹತ್ತಿರದ ಕಿಂಡಿಯ ಸೀರೆಯನ್ನೂ ಎಳೆದು ತೆಗೆದಳು. ಒಲೆಯಿಂದ ಎರಡು ಕೆಂಡ ತಂದು, ಮಗುವಿಗೆ ಹಿಡಿಯುವ ಹಾಗೆ ಸಾಂಬ್ರಾಣಿ ಉದುರಿಸಿ, ಮಂಚದ ಪಕ್ಕ ಇಟ್ಟಳು. ಹೊಗೆ ನೆಟ್ಟಗೆ ಎದ್ದಿತು. ಆಳೆತ್ತರ ಏರಿದ ಮೇಲೆ ಬಾಗಿ, ಸಾಲುಹಿಡಿದು ಗವಾಕ್ಷಿಯಿಂದ ಆಚೆ ನಡೆಯಿತು. ಮಂಚದ ಮೇಲೆ ಒಂದೆಳೆಯೂ ಸುಳಿಯಲಿಲ್ಲ. ಸುಬ್ಬಲಕ್ಷ್ಮಮ್ಮ ಹೊಗೆಯನ್ನೇ ನೋಡಿದಳು. ದಿಂಬಿನ ಮಟ್ಟಕ್ಕೆ ಅಂಗೈ ಹಿಡಿದಳು, ಗೋಡೆಯ ಕಡೆ ಹಿಡಿದಳು.

“ಮೈಗ್ ತಾಗ್ತಾ ಇಲ್ಲ,” ಎಂದು ತನಗೇ ಹೇಳಿಕೊಂಡಳು.

ಕಾಫಿ ಕುಡಿದಾಗ ಬೆವರು ಆರಿತ್ತು. “ಬಸ್ಸಲ್ಲಿ ನಿಂತ್ಕಂಡ್ ಬಂದೆ. ಒಂದ್ ಗಳಿಗೆ ಒರಗ್ತೀನಿ,” ಎಂದು ಮಂಚದ ಮೇಲೆ ಕಾಲು ಚಾಚಿದವಳು ಗೊರಕೆ ಹೊಡೆದು ಮಲಗಿ, ಎದ್ದಾಗ ನಾಲ್ಕೂವರೆ. ಮಾಲೀಕರು, ಇಂಜಿನಿಯರುಗಳು ಒಬ್ಬರೂ ಕೊಡದ ಸರ್ಟಿಫಿಕೇಟು ಅದು. ಸಿದ್ದಲಕ್ಷ್ಮಮ್ಮ ಬಾಗಿಲಲ್ಲಿ ಕೂತು ಆ ಗೊರಕೆಯನ್ನು ಪೂರಾ ಕೇಳಿದಳು.

“ಸೋಮವಾರ ಮಂಜೂನ ಕಳಿಸ್ತೀನಿ,” ಎಂದಳು ಸುಬ್ಬಲಕ್ಷ್ಮಮ್ಮ, ಚಪ್ಪಲಿ ಮೆಟ್ಟುತ್ತ. “ನೋಡೋಕ್ ಯಾರಾದ್ರೂ ಬರ್ತಾರೆ ಅಂತ ಮತ್ತೆ ಸೀರೆ ಗಿಡಿದ್ರೋ, ಅವತ್ತೇ ಕರ್ಕಂಡ್ ಹೋಯ್ತೀನಿ!”

“ಗಿಡಿಯಕ್ಕೆ ಸೀರೆ ಇದ್ರೆ ತಾನೇ ಅಕ್ಕಾ?”

ಬೀಗಿತ್ತಿಯನ್ನು ಬಸ್ಸು ಹತ್ತಿಸಿ ಬಂದ ಸಿದ್ದಲಕ್ಷ್ಮಮ್ಮ ಗವಾಕ್ಷಿಯ ಕೆಳಗೆ ಕೂತಳು. ನೆಲದ ಮೇಲೆ ಬಿದ್ದಿದ್ದ ಸೀರೆಗಳನ್ನು ಒಂದೊಂದಾಗಿ ಕೊಡವಿ, ಕೂಸಿನ ಬಟ್ಟೆಯ ಅಳತೆಗೆ ಹರಿಯತೊಡಗಿದಳು.