ಕಾಪುವಿಗೆ ಒಂದು ಟಿಕೆಟು

ನಾನು ಹುಟ್ಟಿದ್ದು ಕಾಪುವಿನಲ್ಲಿ, ಗಡಿಯಾರ ರಿಪೇರಿಯ ಅಂಗಡಿ ಇಟ್ಟದ್ದೂ ಕಾಪುವಿನಲ್ಲಿ. ಆದರೆ ಎಂಬತ್ತರ ದಶಕದ ಆ ಡಿಸೆಂಬರಿನವರೆಗೆ ನಾನು ಒಂದು ದಿನವೂ ಕಾಪುವಿಗೆ ಬಸ್ಸಿನ ಟಿಕೆಟು ಕೇಳಿ ತೆಗೆದುಕೊಂಡವನಲ್ಲ. ಉಡುಪಿಯಿಂದ ಬರುವಾಗ ಪಡುಬಿದ್ರಿಗೆ ಟಿಕೆಟು ತೆಗೆದು, ಹೆಚ್ಚಿನ ದುಡ್ಡು ಕೊಟ್ಟು, ನಡುವೆ ಕಾಪುವಿನಲ್ಲಿ ಇಳಿದುಬಿಡುತ್ತಿದ್ದೆ. ಮಂಗಳೂರಿನ ಕಡೆಯಿಂದ ಬರುವಾಗ ಮೂಳೂರಿಗೆ ತೆಗೆದು, ಅಲ್ಲಿ ಇಳಿದು, ಹೆದ್ದಾರಿಯ ಬದಿಯಲ್ಲಿ ಲಾರಿಗಳ ಧೂಳು ತಿನ್ನುತ್ತಾ ಮನೆಗೆ ನಡೆಯುತ್ತಿದ್ದೆ. ಕಾರಣ ಇಷ್ಟೆ. ನನಗೆ ಮಾತು ತೊದಲುತ್ತದೆ, ಅದರಲ್ಲೂ ‘ಕ’ ಎಂಬ ಅಕ್ಷರ ಬಾಯಿಯಿಂದ ಹೊರಡುವುದೇ ಇಲ್ಲ. ಅಂಥವನನ್ನು ದೇವರು ಹುಟ್ಟಿಸಿದ ಜಾಗ ನೋಡಿ: ಸುತ್ತಮುತ್ತ ಕಾಪು, ಕಟಪಾಡಿ, ಕಾರ್ಕಳ. ಸಾಲದ್ದಕ್ಕೆ ಮನೆಯವರು ಇಟ್ಟ ಹೆಸರು ಖಾದರ್.

ಇಲ್ಲಿ ಬರೆಯುತ್ತಿರುವುದು ಒಂದು ದಿನದ ಪ್ರಯಾಣ. ಕಾಪುವಿನಿಂದ ಉಡುಪಿ, ಮಣಿಪಾಲ, ಕಾರ್ಕಳ. ಅಲ್ಲಿಂದ ನಿಟ್ಟೆ, ಪಡುಬಿದ್ರಿ ಹಾದು ಮತ್ತೆ ಕಾಪು. ಒಟ್ಟು ನೂರು ಕಿಲೋಮೀಟರು ಕೂಡ ಇಲ್ಲ. ದುಬೈ, ಬಹರೈನ್ ನೋಡಿ ಬಂದ ನನ್ನ ಗೆಳೆಯರು ಇದೆಂಥ ಪ್ರವಾಸ ಎಂದು ನಗಬಹುದು. ನಗಲಿ. ಅವರು ಸಮುದ್ರ ದಾಟಿದ್ದು ವಿಮಾನದಲ್ಲಿ ಕೂತು.

ಹೊರಡುವ ಹಿಂದಿನ ಸಂಜೆಯೇ ನನ್ನ ತಲೆ ಕೆಟ್ಟಿತ್ತು. ಮುಂದಿನ ತಿಂಗಳು ಕಾರ್ಕಳದ ಅಕ್ಕಿ ವ್ಯಾಪಾರಿ ಮೊಯಿದಿನಬ್ಬ ಅವರ ಮಗಳು ಜೊಹರಾಳ ಜೊತೆ ನನ್ನ ಮದುವೆ ಎಂದು ನಿಶ್ಚಯವಾಗಿತ್ತು. ನಿಖಾದ ಹೊತ್ತಿನಲ್ಲಿ ಮದುಮಗ ಎಲ್ಲರೆದುರು ‘ಖಬಿಲ್ತು’ ಎನ್ನಬೇಕು. ನಾನು ಒಪ್ಪಿದೆ ಎಂದು ಅದರ ಅರ್ಥ. ಅದೂ ‘ಕ’ದ ಜಾತಿಯದೇ ಮಾತು, ಅದೂ ಗಂಟಲಿನ ಅಡಿಯಿಂದ ಎತ್ತಬೇಕಾದದ್ದು. ಅಕ್ಕ ಊಟ ಬಡಿಸುತ್ತಾ ಸಾವಕಾಶವಾಗಿ ಹೇಳಿದಳು, ಭಾವ ಎಲ್ಲ ಏರ್ಪಾಡು ಮಾಡಿದ್ದಾರಂತೆ, ನನ್ನ ಪರವಾಗಿ ಅವರೇ ವಕೀಲರಾಗಿ ಕೂತು ಆ ಮಾತು ಹೇಳುತ್ತಾರಂತೆ. ವಕೀಲರೆಂದರೆ ಕೋರ್ಟಿನವರಲ್ಲ. ಮದುಮಗನ ಬದಲಿಗೆ ಒಪ್ಪಿಗೆ ಹೇಳುವವರು. ಧರ್ಮದಲ್ಲಿ ಅದಕ್ಕೆ ಅವಕಾಶವುಂಟು, ನಾನು ಅಲ್ಲ ಎನ್ನುವುದಿಲ್ಲ. ಆದರೆ ಅದು ದೂರ ದೇಶದಲ್ಲಿರುವವನಿಗೆ, ಹಾಸಿಗೆ ಹಿಡಿದವನಿಗೆ. ನಾನು ಹೊಸ ಅಂಗಿ ಹಾಕಿಕೊಂಡು ಅಲ್ಲೇ ಕೂತಿರುವಾಗ ನನ್ನ ಹೆಂಡತಿಯನ್ನು ಇನ್ನೊಬ್ಬರು ಒಪ್ಪಿಕೊಳ್ಳುವುದೆಂದರೆ ಏನು? ಒಂದು ಮಾತು ನನ್ನನ್ನು ಕೇಳಿರಲಿಲ್ಲ. ಕೇಳಿದರೆ ನಾನು ಉತ್ತರಿಸಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೆ.

ಬೆಳಿಗ್ಗೆ ಕಾಪು ಪೇಟೆಯಲ್ಲಿ ಬಸ್ಸು ಹತ್ತಿದೆ. ‘ಉಡುಪಿ’ ಎನ್ನುವುದು ಕಷ್ಟವಿಲ್ಲ, ಬಾಯಿ ತೆರೆದರೆ ಬರುತ್ತದೆ. ಒಂದೂಕಾಲು ರೂಪಾಯಿ ಕೊಟ್ಟು ಕಿಟಕಿಯ ಬದಿ ಕೂತೆ. ಕಟಪಾಡಿಯಲ್ಲಿ ಹತ್ತಿದ ಒಬ್ಬರು ಪಕ್ಕದಲ್ಲಿ ಕೂತು ಹೆಸರು ಕೇಳಿದರು. “ಖಾ... ಖಾ...” ಎಂದೆ. “ಓ, ಕಾಪುವಿನವರಾ?” ಎಂದು ಅವರೇ ಮುಗಿಸಿ, ಕಾಪುವಿನಲ್ಲಿ ಮೀನಿನ ಕ್ರಯ ಎಷ್ಟುಂಟು ಎಂದು ಶುರು ಮಾಡಿದರು. ಉಡುಪಿ ಬರುವವರೆಗೆ ನನಗೆ ಹೆಸರೇ ಇರಲಿಲ್ಲ.

ಉಡುಪಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಮತ್ತು ಕಾಫಿ. ಕಾಫಿ ಎಂದು ಬರೆದದ್ದನ್ನು ದಯವಿಟ್ಟು ಗಮನಿಸಿ. ಹೋಟೆಲಿಗೆ ಹೋಗಲು ಶುರು ಮಾಡಿದಂದಿನಿಂದ ನಾನು ಚಹಾ ಕುಡಿಯುವವನು. ಚಹಾ ಇಷ್ಟವೆಂದಲ್ಲ, ‘ಚ’ ಬಾಯಿಗೆ ಬರುತ್ತದೆಂದು. ಎರಡು ವಾರದ ಹಿಂದೆ ಇದೇ ಹೋಟೆಲಿನಲ್ಲಿ ಮೊದಲ ಸಲ ಕಾಫಿ ಕೇಳಿ ಪಡೆದಿದ್ದೆ. ಅದು ಮಣಿಪಾಲದ ಮೇಡಂ ಆ ವಾರಕ್ಕೆ ಕೊಟ್ಟ ಕೆಲಸವಾಗಿತ್ತು.

ಅವರ ವಿಷಯ ಹೇಳಬೇಕು. ಮಣಿಪಾಲದ ಆಸ್ಪತ್ರೆಯಲ್ಲಿ ಮಾತು ಕಲಿಸುವವರಿದ್ದಾರೆ ಎಂದು ಯಾರೋ ಹೇಳಿದ ಮೇಲೆ ನಾನು ಪ್ರತಿ ವಾರ ಅಂಗಡಿ ಮುಚ್ಚಿ ಹೋಗುತ್ತಿದ್ದೆ. ಮೈಸೂರಿನ ಕಡೆಯ ಹೆಂಗಸು, ನನಗಿಂತ ಚಿಕ್ಕವರು. ಮೊದಲ ದಿನ ನಾನು ಕಾಗದದಲ್ಲಿ ‘ಮದುವೆಯೊಳಗೆ ಗುಣ ಮಾಡಿ ಕೊಡಬೇಕು’ ಎಂದು ಬರೆದು ಮುಂದೆ ಇಟ್ಟಿದ್ದೆ. ಅವರು ಓದಿ ಕಾಗದವನ್ನು ನನಗೇ ಹಿಂದೆ ಕೊಟ್ಟರು.

“ಗುಣ ಆಗೋದು ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ವಾರಕ್ಕೆ ಒಂದು ಸಣ್ಣ ಕೆಲಸ ಮಾಡೋದು ಮಾತ್ರ ನಿಮ್ಮ ಕೈಲಿದೆ,” ಎಂದರು.

ನನಗೆ ಮೈಯೆಲ್ಲ ಉರಿದಿತ್ತು. ಬಸ್ಸಿನ ದುಡ್ಡು ಕೊಟ್ಟು ಗುಡ್ಡ ಹತ್ತಿ ಬಂದವನಿಗೆ ಈಕೆ ಬಾಲವಾಡಿಯ ಪಾಠ ಕೊಡುತ್ತಾಳಲ್ಲ ಎಂದುಕೊಂಡಿದ್ದೆ. ಒಂದು ವಾರ ಕನ್ನಡಿಯೆದುರು ಮೆಲ್ಲಗೆ ‘ಕ’ ಎನ್ನುವುದು. ಮುಂದಿನ ವಾರ ಹೆತ್ತ ಉಮ್ಮನೆದುರು ನನ್ನ ಹೆಸರು ಹೇಳುವುದು. ಉಮ್ಮ ಅತ್ತುಬಿಟ್ಟರು, ಇದೆಂಥ ಚಿಕಿತ್ಸೆ ಎಂದು ಭಾವ ನಕ್ಕರು. ಆಮೇಲೆ ಕಾಫಿ. ಆ ಕಾಫಿ ಮೇಜಿಗೆ ಬಂದಾಗ ಮಾತ್ರ ನನ್ನ ಸಿಟ್ಟು ಸ್ವಲ್ಪ ಇಳಿದಿತ್ತು. ಸತ್ಯ ಹೇಳುವುದಾದರೆ ರುಚಿ ಅಷ್ಟಕ್ಕಷ್ಟೆ.

ಆ ದಿನ ಮಣಿಪಾಲದ ಕೆಂಪು ಮಣ್ಣಿನ ದಾರಿಯಲ್ಲಿ ಒಳ್ಳೆ ಗಾಳಿಯಿತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಮೇಡಂ ಎದುರು ಕೂತು ವಕೀಲರ ಕಥೆ ಪೂರ್ತಿ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಅವರು ಒಂದು ಪದವನ್ನೂ ನನ್ನ ಬಾಯಿಂದ ಕಿತ್ತುಕೊಳ್ಳಲಿಲ್ಲ. ಇಡೀ ಜಿಲ್ಲೆಯಲ್ಲಿ ನನ್ನ ವಾಕ್ಯಗಳು ಕೊನೆಯವರೆಗೆ ಹೋಗುತ್ತಿದ್ದದ್ದು ಆ ಒಂದು ಕೋಣೆಯಲ್ಲಿ.

“ಇದನ್ನು ನನಗೆ ಯಾಕೆ ಹೇಳ್ತೀರಿ? ಅವರಿಗೆ ಹೇಳಿ,” ಎಂದರು. “ಮದುವೆ ಮುಂದಿನ ತಿಂಗಳು. ಇವತ್ತು ಸಂಜೆಯೊಳಗೆ ಏನು ಮಾಡ್ತೀರಿ?”

ಕಾರ್ಕಳಕ್ಕೆ ಹೋಗಿ ಮಾವನನ್ನು ಕಾಣುತ್ತೇನೆ ಎಂದೆ.

“ಹಾಗಾದರೆ ಹೋಗೋವಾಗ ಒಂದು ಟಿಕೆಟು, ಬರೋವಾಗ ಒಂದು ಟಿಕೆಟು. ಊರಿನ ಹೆಸರು ಹೇಳಿ ತಗೊಳ್ಳಿ. ತೊದಲಿದರೆ ತೊದಲಲಿ. ಹೇಳಿದ್ದು ನೀವಾದರೆ ಪಾಸು. ಬೇರೆಯವರು ಹೇಳಿಬಿಟ್ಟರೆ ಫೇಲು.”

ಉಡುಪಿಯಿಂದ ಬಂದ ಕಾರ್ಕಳದ ಬಸ್ಸು ಮಣಿಪಾಲದಲ್ಲಿ ನಿಲ್ಲುವಾಗಲೇ ತುಂಬಿತ್ತು. ಹಿಂದಿನ ಸೀಟಿನಲ್ಲಿ, ಕೊಡೆ ಹಿಡಿದ ನಿವೃತ್ತ ಮಾಸ್ಟ್ರೊಬ್ಬರ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಬಂದು ತುಳುವಿನಲ್ಲಿ “ಓಡೆಗ್?” ಎಂದ. ಎಲ್ಲಿಗೆ ಎಂದು. ನಾನು ಮೇಡಂ ಕಲಿಸಿದ ಹಾಗೆ ಉಸಿರು ಬಿಟ್ಟು ಶುರು ಮಾಡಿದೆ. “ಕಾ... ಕಾ...”

“ಕಾರ್ಕಳ ಮಾರಾಯ, ಕೊಡು ಕೊಡು, ಪಾಪ,” ಎಂದರು ಮಾಸ್ಟ್ರು.

ಫೇಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಆಡುವ ಮೊದಲೇ ಹೋಗುತ್ತದೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ನಾನು ‘ಅಲ್ಲ’ ಎಂದು ತಲೆ ಅಲ್ಲಾಡಿಸಿಬಿಟ್ಟೆ. ಮಾಸ್ಟ್ರಿಗೆ ಆಶ್ಚರ್ಯವಾಯಿತು. “ಹಿರಿಯಡ್ಕವಾ?” ಅಲ್ಲ. “ಬೈಲೂರಾ?” ಅಲ್ಲ. ಎದುರು ಸೀಟಿನ ಹೆಂಗಸು ತಿರುಗಿ “ಪರ್ಕಳ ಇರಬೇಕು” ಎಂದಳು. ಪರ್ಕಳ ಆಗಲೇ ಹಿಂದೆ ಹೋಗಿತ್ತು. ಬಸ್ಸಿನ ಅರ್ಧ ಜನ ನನ್ನ ಊರು ಹುಡುಕುವುದಕ್ಕೆ ನಿಂತರು. ಕಂಡಕ್ಟರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕಾದ. ಕೊನೆಗೆ, ಸಿಟ್ಟೇ ನೂಕಿತೋ ಏನೋ, ನನ್ನ ಬಾಯಿಂದಲೇ ‘ಕಾರ್ಕಳ’ ಹೊರಟಿತು.

“ನಾನು ಮೊದಲೇ ಹೇಳಲಿಲ್ವಾ?” ಎಂದರು ಮಾಸ್ಟ್ರು. ಎಲ್ಲರೂ ನಕ್ಕರು.

ಇದಕ್ಕೆ ಏನು ಹೇಳುವುದು? ಆ ಮಾಸ್ಟ್ರು ಕೆಟ್ಟವರಲ್ಲ. ಹಿರಿಯಡ್ಕ ದಾಟಿದ ಮೇಲೆ ನನಗೊಂದು ಪೆಪ್ಪರಮಿಂಟೂ ಕೊಟ್ಟರು. ಅಣಕಿಸುವವರನ್ನು ನಾನು ಸಣ್ಣದರಲ್ಲೇ ಕಲ್ಲು ಹೊಡೆದು ಓಡಿಸಿದವನು. ಈ ಕರುಣೆಯವರಿಗೆ ಕಲ್ಲು ಹೊಡೆಯಲು ಬರುವುದಿಲ್ಲ. ಕುಂಟುವವನನ್ನು ಕಂಡು ಯಾರೂ ಅವನ ಕಾಲನ್ನು ಎತ್ತಿ ಮುಂದೆ ಇಡುವುದಿಲ್ಲ. ತೊದಲುವವನ ಬಾಯೊಳಗೆ ಮಾತ್ರ ಎಲ್ಲರೂ ಕೈ ಹಾಕುತ್ತಾರೆ. ಮತ್ತೆ ಅದಕ್ಕೆ ಉಪಕಾರ ಎನ್ನುತ್ತಾರೆ.

ಕಾರ್ಕಳಕ್ಕೆ ತಲುಪುವಾಗ ಮಧ್ಯಾಹ್ನದ ಬಿಸಿಲು. ಬೆಟ್ಟದ ಮೇಲೆ ಗೊಮ್ಮಟ ಕಾಣುತ್ತಿದ್ದ. ಅವನು ಒಂದು ಮಾತೂ ಆಡದೆ ನಿಂತಿದ್ದಾನೆಂದು ಎಲ್ಲೆಲ್ಲಿಂದಲೋ ಜನ ಬಂದು ಕೈಮುಗಿಯುತ್ತಾರೆ. ನಾನು ಸುಮ್ಮನಿದ್ದರೆ ಪಾಪ ಎನ್ನುತ್ತಾರೆ.

ಮೊಯಿದಿನಬ್ಬ ಅವರ ಮನೆ ಪೇಟೆಯ ಹಿಂದೆ. ಹೇಳದೆ ಬಂದದ್ದಕ್ಕೆ ಗಾಬರಿಯಾದರೂ ಮರ್ಯಾದೆಯಿಂದ ಕೂರಿಸಿದರು, ಅಕ್ಕಿರೊಟ್ಟಿ, ಕೋಳಿಸಾರು ಬಂತು. ನಮ್ಮ ಮಾತೆಲ್ಲ ಬ್ಯಾರಿ ಭಾಷೆಯಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೈತೊಳೆದ ಮೇಲೆ ಅವರೇ ವಿಷಯ ತೆಗೆದರು.

“ನಿಮ್ಮ ಭಾವ ಹೇಳಿ ಕಳುಹಿಸಿದ್ದಾರೆ. ವಕೀಲರನ್ನು ಇಡುವುದೇ ಒಳ್ಳೆಯದು. ಅಷ್ಟು ಜನ ಕೂತಿರ್ತಾರೆ, ನಿಮಗೆ ಯಾಕೆ ಸುಮ್ಮನೆ ತೊಂದರೆ?”

ತೊಂದರೆ ಯಾರಿಗೆಂದು ನನಗೆ ಗೊತ್ತಿತ್ತು. ನನ್ನ ಬಾಯಿ ನೋಡುತ್ತಾ ಕೂರಬೇಕಾದವರಿಗೆ. ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯ ಸಿದ್ಧವಿತ್ತು: ಖಬಿಲ್ತು ನಾನೇ ಹೇಳುತ್ತೇನೆ. “ಖ... ಖ...” ಎಂದೆ.

“ಕಷ್ಟ ಅಂತ ಅಲ್ವಾ? ಗೊತ್ತುಂಟು, ಗೊತ್ತುಂಟು,” ಎಂದು ಮೊಯಿದಿನಬ್ಬ ನನ್ನ ತೊಡೆಯ ಮೇಲೆ ಕೈಯಿಟ್ಟರು. “ಅದಕ್ಕೇ ಹೇಳುವುದು. ಹಾಗಾದರೆ ಆ ವಿಷಯ ಮುಗಿಯಿತು.”

ನನ್ನ ಅಕ್ಷರವನ್ನೇ ತೆಗೆದುಕೊಂಡು ನನ್ನ ವಿರುದ್ಧದ ಮಾತು ಕಟ್ಟಿದರಲ್ಲ. ನನ್ನ ಬಾಯಿ ಪೂರ್ತಿ ಕಟ್ಟಿಹೋಯಿತು. ಎದ್ದು ಹೋಗಿಬಿಡುವ ಎಂದುಕೊಂಡೆ. ಎದ್ದರೆ ಅದನ್ನೂ ಅವರೇ ಬೇರೆ ಏನೋ ಎಂದು ಮುಗಿಸುತ್ತಿದ್ದರು.

ಆಗ ಒಳಬಾಗಿಲಿನ ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು.

“ಅವರು ಇನ್ನೂ ಮುಗಿಸಲಿಲ್ಲ.”

ಜೊಹರಾ. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮೊಯಿದಿನಬ್ಬ ಪರದೆಯ ಕಡೆ ಕಣ್ಣು ಕೆಂಪು ಮಾಡಿ ನೋಡಿದರು. ಆಮೇಲೆ ಕೈಯನ್ನು ನನ್ನ ತೊಡೆಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು. ಒಳಗೆ ಪಾತ್ರೆಗಳ ಸದ್ದು ನಿಂತಿತು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ, ಎರಡು ಸಲ ನಡುವೆ ಸಿಕ್ಕಿಹಾಕಿಕೊಂಡೆ, ಕೊನೆಗೆ ಆ ವಾಕ್ಯ ಮುಗಿಯಿತು.

“ನೋಡುವ,” ಎಂದರು ಮೊಯಿದಿನಬ್ಬ.

‘ನೋಡುವ’ ಎಂದರೆ ನಮ್ಮ ಕಡೆ ಆಗುವುದಿಲ್ಲ ಎಂದು ಅರ್ಥ. ನಾನು ಎದ್ದು ಹೊರಡಲಿಲ್ಲ. ಕೂತೇ ಇದ್ದೆ. ಅವರು ಟೊಪ್ಪಿ ಸರಿಮಾಡಿಕೊಂಡರು, ಗೋಡೆಯ ಗಡಿಯಾರ ನೋಡಿದರು. ಅದು ನಿಧಾನ ಹೋಗುತ್ತಿದೆ ಎಂದು ನನಗೆ ಬಂದಾಗಲೇ ಗೊತ್ತಾಗಿತ್ತು. ಕೊನೆಗೆ, “ಆಯಿತು, ನೀವೇ ಹೇಳಿ. ನಿಮ್ಮ ಭಾವನಿಗೆ ಮಾತ್ರ ನೀವೇ ತಿಳಿಸಬೇಕು,” ಎಂದರು.

ಹಿಂದಿರುಗುವ ದಾರಿ ನಿಟ್ಟೆ, ಬೆಳ್ಮಣ್ಣಿನ ಮೇಲಿಂದ. ನಿಟ್ಟೆಯಲ್ಲಿ ವಿದ್ಯಾರ್ಥಿಗಳು ಗಲಾಟೆ ಮಾಡುತ್ತಾ ಹತ್ತಿದರು. ಪಡುಬಿದ್ರಿಯಲ್ಲಿ ಇಳಿದು, ಗೋಳಿಬಜೆ ತಿಂದು, ಮಂಗಳೂರಿನಿಂದ ಬಂದ ಉಡುಪಿ ಬಸ್ಸು ಹತ್ತಿದೆ. ಕೂರಲು ಜಾಗವಿರಲಿಲ್ಲ. ದುಡ್ಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ, ಮಾತು ಮುಗಿಯುವ ಮೊದಲು ಬಿಡಬಾರದೆಂದು.

“ಎಲ್ಲಿಗೆ? ಉಡುಪಿಯಾ? ಉದ್ಯಾವರವಾ?”

ನಾನು ಅಂಗೈ ಎತ್ತಿ ತಡೆದೆ. ಕಂಡಕ್ಟರ್ ಮುಂದೆ ಹೋದ, ಬೇರೆಯವರಿಗೆ ಹರಿದುಕೊಟ್ಟ, ಮತ್ತೆ ಬಂದ. ಉಚ್ಚಿಲ ಹೋಯಿತು. ಮೂಳೂರು ಬಂತು. ನಾನು ಎಷ್ಟೋ ಸಲ ಇಳಿದು ನಡೆದ ಮೂಳೂರು. ಇಳಿಯಲಿಲ್ಲ. ಬಸ್ಸು ಹೊರಟ ಮೇಲೆ ‘ಕಾ’ ಎಂಬುದು ನನ್ನ ಹಲ್ಲಿನ ಹತ್ತಿರ ಬಂತು, ನಿಂತಿತು, ಆಮೇಲೆ ಇಡೀ ಹೆಸರು ಹೊರಬಿತ್ತು. “ಕಾಪು.”

“ಕಾಪು ಬಂತಲ್ಲ ಮಾರಾಯ್ರೆ, ಇಳಿಯಿರಿ,” ಎಂದ ಕಂಡಕ್ಟರ್, ವಿಸಿಲ್ ಊದಿ.

“ಟಿಕೆಟು ಕೊಡಿ.”

“ಇಳಿಯುವವರಿಗೆ ಎಂತದಕ್ಕೆ ಟಿಕೆಟು? ಇರಲಿ, ಹೋಗಿ.”

ಮತ್ತೆ ಅದೇ ಕರುಣೆ. ನಾನು ಬಾಗಿಲ ಕಂಬಿ ಹಿಡಿದು ನಿಂತೆ, ನನಗೆ ಬೇಕು ಎಂದೆ. ಡ್ರೈವರ್ ಹಾರ್ನ್ ಒತ್ತಿದ, ಹಿಂದಿನಿಂದ ಯಾರೋ ಬೈದರು. ಕಂಡಕ್ಟರ್ ನನ್ನನ್ನು ಹುಚ್ಚನೆಂದುಕೊಂಡೇ ಹರಿದುಕೊಟ್ಟ. ಪೂರ್ತಿ ದುಡ್ಡು ಕೊಟ್ಟು ಇಳಿದೆ.

ಮನೆಯ ಚಾವಡಿಯಲ್ಲಿ ಭಾವ ಕುರ್ಚಿಯಲ್ಲಿ ಕೂತು ಗಲ್ಫಿನಿಂದ ಬಂದ ರೇಡಿಯೋ ಕೇಳುತ್ತಿದ್ದರು.

“ಕಾರ್ಕಳಕ್ಕೆ ಹೋಗಿದ್ದಿಯಂತೆ, ಬಸ್ಸಿನಲ್ಲಿ ಕಂಡವರು ಹೇಳಿದರು. ವಕೀಲರ ವಿಷಯ ಎಲ್ಲ ಸರಿಯಾಯಿತಲ್ಲ?”

ನಾನು ರೇಡಿಯೋ ನಿಲ್ಲಿಸಿದೆ. “ಖ...”

“ಖರ್ಚಿನ ವಿಷಯವಾ? ಅದು ನನಗೆ ಬಿಡು.”

ಬಸ್ಸಿನಲ್ಲಿ ಎತ್ತಿದ ಹಾಗೆಯೇ ಅಂಗೈ ಎತ್ತಿದೆ. ಉಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು, ಅವರ ತುಟಿಯೂ ನನ್ನ ಜೊತೆ ಅಲ್ಲಾಡುತ್ತಿತ್ತು, ಆದರೆ ಅವರು ಹೇಳಿಕೊಡಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಗಡಿಯಾರದವನಾದರೂ ನಾನು ನೋಡಲಿಲ್ಲ.

“ಖಬಿಲ್ತು,” ಎಂದೆ.

ಭಾವ ಏನೋ ಹೇಳಲು ಬಾಯಿ ತೆರೆದರು. ನಾನು ಅವರು ಮುಗಿಸುವುದನ್ನು ಕಾದೆ.